ಮಲಯಾಳದ ‘ಅವಕಾಶ’ ಕನ್ನಡದ ಹಕ್ಕು: ಗಡಿನಾಡ ಬಿ.ಎ. ತರಗತಿಯ ಪದ ಸಂಕಟ

ಕಾಸರಗೋಡು: ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಪ್ಲಸ್ ಟೂಗೆ ಬಂದರೆ ಇಂಗ್ಲಿಷ್ ಪಠ್ಯಪುಸ್ತಕ. ಡಿಗ್ರಿಗೆ ಸೇರಿದರೆ ಪುಸ್ತಕ ಇಂಗ್ಲಿಷ್, ಪಾಠದ ವಿವರಣೆ ಬಹುಪಾಲು ಮಲಯಾಳ, ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ತಲೆಯೊಳಗಿನ ಯೋಚನೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ! ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತು ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಂತಹ ವಿಷಯಗಳಲ್ಲಿ ಬಿ.ಎ. ಮಾಡಲು ಹೊರಡುವ ಮಕ್ಕಳ ಸ್ಥಿತಿ ಇದು.

ವಿಜ್ಞಾನ ತೆಗೆದುಕೊಂಡವರಿಗೂ ಇಂಗ್ಲಿಷ್ ಕಷ್ಟವೇ. ಆದರೆ ಗಣಿತದ ಲೆಕ್ಕ, ರಸಾಯನಶಾಸ್ತ್ರದ ಸೂತ್ರ ಯಾವ ಭಾಷೆಯಲ್ಲಿ ಬರೆದರೂ ಒಂದೇ. ಸಮಾಜ ವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಪದವೇ ಪಾಠ. ಪದ ತಪ್ಪಿದರೆ ಉತ್ತರವೂ ತಪ್ಪಿತು.

ಒಂದೇ ಪದ, ಬೇರೆ ಅರ್ಥ

ಮಲಯಾಳ ಪೂರ್ತಿ ಗೊತ್ತಿಲ್ಲದಿದ್ದರೂ ಸಂಸ್ಕೃತದಿಂದ ಬಂದ ಪದಗಳು ಎರಡೂ ಭಾಷೆಗಳಲ್ಲಿ ಇರುವುದರಿಂದ ಕನ್ನಡದ ಮಕ್ಕಳು ಹೇಗಾದರೂ ಸುಧಾರಿಸಿಕೊಳ್ಳುತ್ತಾರೆ ಎಂಬ ಮಾತಿದೆ. ನಿಜವಾದ ಗೊಂದಲ ಹುಟ್ಟುವುದೇ ಆ ಪದಗಳಲ್ಲಿ.

ಕನ್ನಡದಲ್ಲಿ ‘ಅವಕಾಶ’ ಎಂದರೆ ಸಂದರ್ಭ, ಎಡೆ. ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು. ನಮ್ಮ ಮೂಲಭೂತ ಹಕ್ಕುಗಳು ಅಲ್ಲಿ ‘ಮೌಲಿಕಾವಕಾಶ’ಗಳು. ಸಂವಿಧಾನದ ಪಾಠದಲ್ಲಿ ಹಕ್ಕಿನ ಬಗ್ಗೆ ಹೇಳುತ್ತಿದ್ದರೆ ಕನ್ನಡದ ಕಿವಿಗೆ ಬೀಳುವುದು ಸರಕಾರ ಕೊಟ್ಟ ಯಾವುದೋ ಅವಕಾಶ! ಹಕ್ಕನ್ನು ಕೇಳಿ ಪಡೆಯಬಹುದು, ಅವಕಾಶ ಯಾರಾದರೂ ಕೊಟ್ಟರೆ ಮಾತ್ರ ಉಂಟು. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಈ ವ್ಯತ್ಯಾಸ ಸಣ್ಣದಲ್ಲ.

‘ರಾಷ್ಟ್ರೀಯ’ ಎಂಬ ಪದವೂ ಹಾಗೆಯೇ. ಮಲಯಾಳದಲ್ಲಿ ‘ರಾಷ್ಟ್ರೀಯಂ’ ಎಂದರೆ ರಾಜಕೀಯ. ‘ರಾಷ್ಟ್ರೀಯ ಪಾರ್ಟಿ’ ಎಂದರೆ ಯಾವುದೇ ರಾಜಕೀಯ ಪಕ್ಷ. ಕನ್ನಡದ ಹುಡುಗ ಅದನ್ನು ಚುನಾವಣಾ ಆಯೋಗದ ಮಾನ್ಯತೆ ಪಡೆದ ರಾಷ್ಟ್ರೀಯ ಪಕ್ಷ ಎಂದುಕೊಂಡರೆ ಪ್ರಾದೇಶಿಕ ಪಕ್ಷಗಳ ಪಾಠ ಪೂರ್ತಿ ಅಡಿಮೇಲು. ನಾವು ರಾಷ್ಟ್ರೀಯ ಎನ್ನುವುದಕ್ಕೆ ಅಲ್ಲಿ ‘ದೇಶೀಯ’ ಎನ್ನುತ್ತಾರೆ.

ಇನ್ನು ‘ರಾಜ್ಯ’. ಮಲಯಾಳದಲ್ಲಿ ರಾಜ್ಯವೆಂದರೆ ದೇಶ. ಕೇರಳ, ಕರ್ನಾಟಕಗಳು ‘ಸಂಸ್ಥಾನ’ಗಳು. ಕನ್ನಡದಲ್ಲಿ ಸಂಸ್ಥಾನ ಎಂದರೆ ಮೈಸೂರು ಅರಸರ ನೆನಪು. ನಮ್ಮ ಕೇಂದ್ರ-ರಾಜ್ಯ ಸಂಬಂಧ ಅವರಿಗೆ ‘ಕೇಂದ್ರ-ಸಂಸ್ಥಾನ ಬಂಧ’. ಒಕ್ಕೂಟ ವ್ಯವಸ್ಥೆಯ ಒಂದು ಗಂಟೆಯ ಪಾಠದಲ್ಲಿ ಇಂಥ ಹತ್ತು ಪದ ಬಂದರೆ ಮಕ್ಕಳು ನೋಟ್ಸ್ ಬರೆಯುವುದು ಎಲ್ಲಿಂದ?

ಇದು ದಡ್ಡತನವಲ್ಲ, ಮಲಯಾಳದ ಮೇಲಿನ ಮುನಿಸೂ ಅಲ್ಲ. ತರಗತಿಯ ಮೂರು ಭಾಷೆಗಳ ನಡುವೆ ಸೇತುವೆ ಇಲ್ಲದ್ದರಿಂದ ಆಗುವ ತೊಂದರೆ.

ಭರವಸೆ ಪ್ರಾಥಮಿಕಕ್ಕೇ ಮುಗಿಯಿತು

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೇ ತಿದ್ದುಪಡಿಯ ಮೂಲಕ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾಕರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಬೇಕು ಎನ್ನುವ ಈ ವಿಧಿ ಹೇಳುವುದು ಪ್ರಾಥಮಿಕ ಹಂತದ ಬಗ್ಗೆ ಮಾತ್ರ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮ ಹತ್ತನೇ ತರಗತಿ ತನಕ ಉಳಿದಿದೆ. ಅದರ ಮೇಲಿನದ್ದು ವಿದ್ಯಾರ್ಥಿಯ ಹಣೆಬರಹ.

ಕಾಸರಗೋಡು ಸರಕಾರಿ ಕಾಲೇಜು 1957ರಲ್ಲಿ ಆರಂಭವಾಯಿತು. ಕಣ್ಣೂರು ವಿಶ್ವವಿದ್ಯಾಲಯ ಬಂದದ್ದು 1996ರಲ್ಲಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಇದೆ. ಕಾಲೇಜು ದೂರ ಎನ್ನುವ ಕಾಲ ಈಗಿಲ್ಲ. ಕನ್ನಡವನ್ನು ಒಂದು ಭಾಷೆಯಾಗಿ, ಸಾಹಿತ್ಯವಾಗಿ ಓದಲು ದಾರಿಯೂ ಉಂಟು. ಆದರೆ ಅರ್ಥಶಾಸ್ತ್ರವನ್ನೋ ಚರಿತ್ರೆಯನ್ನೋ ಕನ್ನಡದ ಮೂಲಕ ಅರ್ಥಮಾಡಿಕೊಳ್ಳಲು ಹೊರಟವರಿಗೆ ಕೈಗೆಟಕುವ ಸಾಮಗ್ರಿ ಕಡಿಮೆ.

ಕೆಲವರು ಬೆಳಗ್ಗಿನ ರೈಲು ಹತ್ತಿ ಸುಮಾರು 50 ಕಿ.ಮೀ. ದೂರದ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ದಿನಕ್ಕೆ ಮೂರ್ನಾಲ್ಕು ಗಂಟೆ ಪ್ರಯಾಣಕ್ಕೇ ಹೋಗುತ್ತದೆ. ಊರಿಗೆ ಮರಳಿ ಬಿ.ಎಡ್.ಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಹೊರರಾಜ್ಯದ ಪದವಿಗೆ ಇಕ್ವಿವಲೆನ್ಸಿ ಸರ್ಟಿಫಿಕೇಟ್ ಕೇಳುವ ಸಂದರ್ಭಗಳೂ ಉಂಟು.

‘ಬಿ.ಎ. ಮಾಡಿ ಎಂತ ಮಾಡುದು?’

ಸಮಾಜ ವಿಜ್ಞಾನ ಆರಿಸಿಕೊಂಡ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು. ‘ಬಿ.ಕಾಂ. ಆದ್ರೆ ಬ್ಯಾಂಕಲ್ಲಿ ಎಂತಾದ್ರೂ ಸಿಕ್ಕೀತು, ಇದರಲ್ಲಿ ಎಂತ ಉಂಟು ಮಗಾ?’ ಎಂದು ದೊಡ್ಡವರು ಕೇಳುವುದು ತಪ್ಪಲ್ಲ. ಉತ್ತರ ಹತ್ತಿರದ ಶಾಲೆಯಲ್ಲೇ ಇದೆ.

ಕೇರಳದ ಪ್ರೌಢಶಾಲೆಗಳಲ್ಲಿ ಕನ್ನಡ ಮಾಧ್ಯಮದ ಸಮಾಜ ವಿಜ್ಞಾನ ಅಧ್ಯಾಪಕ ಎಂಬ ಹುದ್ದೆಯೇ ಇದೆ. ಅದಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಪದವಿ, ಬಿ.ಎಡ್., ಜೊತೆಗೆ ಕೆ-ಟೆಟ್ ಬೇಕು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದರೆಂದು ಹೆತ್ತವರು, ವಿದ್ಯಾರ್ಥಿಗಳು ಬೀದಿಗಿಳಿದ ಪ್ರಸಂಗಗಳು ಈ ಜಿಲ್ಲೆಯಲ್ಲಿ ಹಲವು ಬಾರಿ ನಡೆದಿವೆ. ನೇಮಕಾತಿಯ ತಪ್ಪನ್ನು ಪ್ರಶ್ನಿಸಲೇಬೇಕು. ಆದರೆ ಕನ್ನಡ ಬಲ್ಲ ಅರ್ಹ ಅಭ್ಯರ್ಥಿಗಳೇ ಸಿಗದಿದ್ದರೆ ನಾಳೆ ಪ್ರಶ್ನಿಸುವುದು ಯಾರನ್ನು? ಇಂದು ಬಿ.ಎ. ಮೊದಲ ಸೆಮಿಸ್ಟರಿನಲ್ಲಿ ಪದ ಅರ್ಥವಾಗದೆ ಓದು ಬಿಡುವ ಒಬ್ಬೊಬ್ಬ ವಿದ್ಯಾರ್ಥಿಯೂ ನಾಳಿನ ಕನ್ನಡ ಶಾಲೆಗೆ ಒಬ್ಬ ಮೇಷ್ಟ್ರ ನಷ್ಟ.

ಬೇರೆ ದಾರಿಗಳೂ ಉಂಟು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳಿಗೆ ಕೇರಳ ಪಿ.ಎಸ್.ಸಿ. ಅರ್ಜಿ ಕರೆಯುತ್ತದೆ. ಯು.ಪಿ.ಎಸ್.ಸಿ. ನಾಗರಿಕ ಸೇವಾ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಅದರ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಚರಿತ್ರೆ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳು ಅಲ್ಲಿ ದೊಡ್ಡ ಪಾಲು.

ಅಂಗಳದಲ್ಲೇ ಪಠ್ಯ

ಭಾಷೆಗಳ ಈ ಹೊರೆಗೆ ಇನ್ನೊಂದು ಮುಖವೂ ಇದೆ. ಸಮಾಜ ವಿಜ್ಞಾನದ ವಿದ್ಯಾರ್ಥಿಗೆ ಕಾಸರಗೋಡಿನಷ್ಟು ಸಮೃದ್ಧವಾದ ನೆಲ ಸಿಗುವುದು ಅಪರೂಪ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13,07,375. ಕನ್ನಡ ತಮ್ಮ ಮಾತೃಭಾಷೆ ಎಂದವರು ಶೇ. 4ರ ಆಸುಪಾಸು. ತುಳು ಎಂದವರು ಶೇ. 9ರ ಹತ್ತಿರ. ಹಾಗಾದರೆ ಇಷ್ಟೊಂದು ಕನ್ನಡ ಶಾಲೆಗಳ ಬೆಂಚುಗಳಲ್ಲಿ ಕುಳಿತವರು ಯಾರು? ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದಿದವರೂ ಅಲ್ಲಿದ್ದಾರೆ. ಒಂದು ಕಾಲಂನಲ್ಲಿ ಒಂದೇ ಭಾಷೆ ಬರೆಸಿಕೊಂಡ ಲೆಕ್ಕದಿಂದ ಅಲ್ಪಸಂಖ್ಯಾಕರ ಬಲ ಅಳೆಯಬಹುದೇ ಎಂಬುದು ಸಮಾಜಶಾಸ್ತ್ರದ ಒಳ್ಳೆಯ ಪ್ರಶ್ನೆ. ಅದನ್ನು ಕೇಳಲು ಹೆಚ್ಚು ಅರ್ಹರು ಆ ಮನೆಗಳ ಮಕ್ಕಳೇ.

ಭೂಸುಧಾರಣೆಯನ್ನೇ ನೋಡಿ. ಕೇರಳದ 1963ರ ಕಾಯಿದೆ 1969ರಲ್ಲಿ ತಿದ್ದುಪಡಿಯಾಗಿ 1970ರ ಜನವರಿ 1ರಿಂದ ಜಾರಿಗೆ ಬಂತು. ಕರ್ನಾಟಕದ 1961ರ ಕಾಯಿದೆಗೆ ಮುಖ್ಯ ತಿದ್ದುಪಡಿ ಬಂದದ್ದು 1974ರಲ್ಲಿ. 1956ರ ತನಕ ಒಂದೇ ಜಿಲ್ಲೆಯಾಗಿದ್ದ ತುಳುನಾಡಿಗೆ ಎರಡು ಕಾಯಿದೆ, ಎರಡು ಅನುಭವ. ಪಠ್ಯದಲ್ಲಿ ಬರುವುದು ಜನ್ಮಿ-ಕುಡಿಯಾನ್ ಕಥೆ. ಈ ಭಾಗದ ಹಿರಿಯರ ಬಾಯಲ್ಲಿರುವುದು ಮೂಲಗೇಣಿ, ಚಾಲಗೇಣಿ, ಧಣಿ, ಒಕ್ಕಲು. ಆ ತಲೆಮಾರು ಮರೆಯಾಗುವ ಮೊದಲು ಗಡಿಯ ಎರಡೂ ಬದಿಯ ಅನುಭವ ಕೇಳಿ ಬರೆದರೆ ಅದೇ ಒಂದು ಪ್ರಾಜೆಕ್ಟ್.

ಅಡಿಕೆ ಬೆಲೆ ಕುಸಿದ ಕಾಲದಲ್ಲಿ ಎರಡು ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಕ್ಯಾಂಪ್ಕೊ ಅರ್ಥಶಾಸ್ತ್ರದ ಪಾಠ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ, ಇವು ಸಾರ್ವಜನಿಕ ನೀತಿಯ ಪಾಠ. ಎಣ್ಮಕಜೆಯ ಮನೆಗಳ ನೋವನ್ನು ತುಳು, ಕನ್ನಡ ಬಾರದವರು ದುಭಾಷಿ ಇಟ್ಟುಕೊಂಡು ಕೇಳಬೇಕು. ಇಲ್ಲಿನ ವಿದ್ಯಾರ್ಥಿಗೆ ಅದು ನೆರೆಮನೆಯ ಮಾತು. ಗೋವಿಂದ ಪೈಗಳು ಕವಿಯೆಂದು ಹೆಸರಾದರೂ ಹಲವು ಭಾಷೆಗಳ ಆಧಾರ ಹುಡುಕಿ ಇತಿಹಾಸ ಸಂಶೋಧನೆ ಮಾಡಿದ್ದು ಇದೇ ಮಂಜೇಶ್ವರದಲ್ಲಿ ಕುಳಿತು.

ಬೇಕಾದ್ದು ದೊಡ್ಡದಲ್ಲ

2024ರ ಜುಲೈಯಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಕ್ರಮ ಆರಂಭವಾಗಿದೆ. ಮೂರು ವರ್ಷಕ್ಕೆ 133 ಕ್ರೆಡಿಟ್ ಮುಗಿಸಿದರೆ ಪದವಿ, ನಾಲ್ಕನೇ ವರ್ಷವೂ ಓದಿ 177 ಕ್ರೆಡಿಟ್ ಪೂರೈಸಿದರೆ ಆನರ್ಸ್. ಮೇಜರ್ ವಿಷಯದ ಜೊತೆ ಮೈನರ್ ಆರಿಸಲು, ಸಂಶೋಧನೆಗೆ ಇಳಿಯಲು ಎಡೆ ಇದೆ. ಚರಿತ್ರೆಯ ಜೊತೆಗೆ ಕನ್ನಡವನ್ನೂ ಗಂಭೀರವಾಗಿ ಓದಬಯಸುವವರು ತಮ್ಮ ಕಾಲೇಜಿನಲ್ಲಿ ಯಾವ ಜೋಡಿ ಸಿಗುತ್ತದೆ ಎಂದು ಸೇರುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಉಳಿದದ್ದು ಕಾಲೇಜು, ಕನ್ನಡ ಸಂಘಟನೆಗಳು ಮನಸ್ಸು ಮಾಡಿದರೆ ಆಗುವ ಕೆಲಸ. ಇಂಗ್ಲಿಷ್, ಮಲಯಾಳ, ಕನ್ನಡ ಮೂರರಲ್ಲೂ ಮುನ್ನೂರು-ನಾನೂರು ಪಾರಿಭಾಷಿಕ ಪದಗಳಿರುವ ಒಂದು ಸಣ್ಣ ಕೈಪಿಡಿ. ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆರಡು ಗಂಟೆ, ಕನ್ನಡ ಬಲ್ಲ ಹಿರಿಯ ವಿದ್ಯಾರ್ಥಿಗಳಿಂದಲೋ ನಿವೃತ್ತ ಅಧ್ಯಾಪಕರಿಂದಲೋ ಪಾಠ. ಗ್ರಂಥಾಲಯದಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳು ಪ್ರಕಟಿಸಿದ ಕನ್ನಡ ಸಮಾಜ ವಿಜ್ಞಾನ ಪುಸ್ತಕಗಳ ಒಂದು ಕಪಾಟು. ಇದಕ್ಕೆ ಹೊಸ ಕಾಯಿದೆ ಬೇಡ, ಕೋಟಿಗಟ್ಟಲೆ ಅನುದಾನವೂ ಬೇಡ.

ಗಡಿನಾಡ ಕನ್ನಡಿಗರ ಸಭೆಗಳಲ್ಲಿ ಹಕ್ಕಿನ ಮಾತು ಬಾರದೆ ಇರುವುದಿಲ್ಲ. ಆ ಹಕ್ಕನ್ನು ಅಂಕಿ-ಅಂಶ, ಕಾಯಿದೆ, ದಾಖಲೆಗಳ ಸಮೇತ ಮಂಡಿಸಬಲ್ಲವರು ತಯಾರಾಗಬೇಕಾದ್ದು ಬಿ.ಎ. ತರಗತಿಗಳಲ್ಲೇ. ಮುಂದಿನ ದಾಖಲಾತಿ ಶುರುವಾಗುವ ಮೊದಲು ಪದಗಳ ಕೈಪಿಡಿಯಾದರೂ ಮಕ್ಕಳ ಕೈ ಸೇರುವಂತೆ ಸಂಬಂಧಪಟ್ಟವರು ನೋಡಿಕೊಳ್ಳಬೇಕಾಗಿದೆ.