ದೂರದ ಶಿಷ್ಯರು, ಅಮೆರಿಕದ ಕವಿತೆ

1862ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಎಂಬ ಸಣ್ಣ ಊರಿನಿಂದ ಮಹಿಳೆಯೊಬ್ಬಳು ತಾನೆಂದೂ ಮುಖ ನೋಡಿರದ ಸಾಹಿತಿಯೊಬ್ಬನಿಗೆ ಕಾಗದ ಬರೆದಳು. ಕಾಗದಕ್ಕೆ ಸಹಿ ಇರಲಿಲ್ಲ. ಹೆಸರನ್ನು ಬೇರೊಂದು ಚೀಟಿಯಲ್ಲಿ ಬರೆದು, ಪುಟ್ಟ ಲಕೋಟೆಯಲ್ಲಿಟ್ಟು ಒಳಗೆ ಸೇರಿಸಿದ್ದಳು. ಜೊತೆಗೆ ನಾಲ್ಕು ಕವಿತೆಗಳಿದ್ದವು. ಅವುಗಳಲ್ಲಿ ಜೀವವಿದೆಯೇ ಎಂದು ತಿಳಿಯುವುದಷ್ಟೇ ಆಕೆಗೆ ಬೇಕಿತ್ತು. ಆಕೆ ಎಮಿಲಿ ಡಿಕಿನ್ಸನ್. ಕಾಗದ ಪಡೆದವನು, ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಹೊಸ ಬರಹಗಾರರಿಗೆ ಬುದ್ಧಿಮಾತು ಹೇಳಿ ಲೇಖನ ಬರೆದಿದ್ದ ಥಾಮಸ್ ವೆಂಟ್‌ವರ್ತ್ ಹಿಗಿನ್ಸನ್. ಮುಂದೆ 1886ರಲ್ಲಿ ಆಕೆ ಸಾಯುವವರೆಗೂ ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು. ಆಕೆ ತನ್ನನ್ನು ಆತನ ಶಿಷ್ಯೆ ಎಂದೇ ಕರೆದುಕೊಳ್ಳುತ್ತಿದ್ದಳು. ಗುರುಶಿಷ್ಯರು ಮುಖಾಮುಖಿ ಭೇಟಿಯಾದದ್ದು ಎರಡೇ ಸಲ; ಮೊದಲ ಭೇಟಿಗೇ ಎಂಟು ವರ್ಷ ಹಿಡಿಯಿತು. ಗುರುವಿಗೆ ಆ ಪದ್ಯಗಳ ನಡಿಗೆ ಕುಂಟುವಂತೆ ತೋರಿತ್ತು. ಶಿಷ್ಯೆ ಆತನ ಸಲಹೆಗಳನ್ನು ವಿನಯದಿಂದ ಕೇಳಿದಳು, ಪಾಲಿಸುವ ಗೋಜಿಗೆ ಹೋಗಲಿಲ್ಲ.

ಅದೇ ಡಿಕಿನ್ಸನ್‌ಳ ಕವಿತೆಗಳನ್ನು ಇಂದು ಸಾವಿರಾರು ಮಂದಿ ತಾವು ಎಂದೂ ನೋಡದ ಅಧ್ಯಾಪಕರಿಂದ, ಕಂಪ್ಯೂಟರಿನ ಪರದೆಯ ಮುಂದೆ ಕುಳಿತು ಕಲಿಯುತ್ತಿದ್ದಾರೆ. ಗಣಿತವನ್ನೋ ಲೆಕ್ಕಪತ್ರದ ವಿದ್ಯೆಯನ್ನೋ ಹೀಗೆ ಕಲಿಯುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಸಾಹಿತ್ಯದ ಮಾತು ಬಂದಾಗ ಮಾತ್ರ ಹಲವರು ಹುಬ್ಬೇರಿಸುತ್ತಾರೆ. ಕವಿತೆಯನ್ನು ಒಬ್ಬರ ಬಾಯಿಂದ ಕೇಳಬೇಕು, ಇನ್ನೊಬ್ಬರೊಡನೆ ವಾದಿಸಬೇಕು. ಅದು ತಂತಿಯ ಮೂಲಕ ಹರಿದು ಬರುವುದೆಂತು ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಇಂಥ ಕೋರ್ಸುಗಳ ಒಳಹೊಕ್ಕು ನೋಡಿದರೆ, ಪರದೆಗಿಂತ ದೊಡ್ಡ ಪ್ರಶ್ನೆಗಳು ಎರಡು ಕಾಣುತ್ತವೆ. ವಿದ್ಯಾರ್ಥಿಯ ಕೈಗೆ ಬರುವುದು ಯಾವ ಪಠ್ಯ? ಅದನ್ನು ಓದಿದ ಮೇಲೆ ಆಕೆಯೊಡನೆ ಮಾತಾಡುವವರು ಯಾರು?

ಅಮೆರಿಕದ ಕಾಲೇಜುಗಳಲ್ಲಿ ಈ ವಿಷಯವನ್ನು ಸಾಮಾನ್ಯವಾಗಿ ಎರಡು ಭಾಗ ಮಾಡಿ ಬೋಧಿಸುತ್ತಾರೆ: ವಸಾಹತು ಕಾಲದಿಂದ 1865ರಲ್ಲಿ ಅಂತರ್ಯುದ್ಧ ಮುಗಿಯುವವರೆಗೆ ಒಂದು, ಅಲ್ಲಿಂದ ಈಚೆಗೆ ಇನ್ನೊಂದು. ಆನ್‌ಲೈನ್ ರೂಪದಲ್ಲಿ ಇದು ವಾರವಾರದ ಕಂತುಗಳಾಗುತ್ತದೆ. ಸೋಮವಾರ ಓದುವ ಪುಟಗಳು, ಒಂದೆರಡು ವಿಡಿಯೋ. ವಾರದ ನಡುವೆ ಚರ್ಚಾಪುಟದಲ್ಲಿ ಇನ್ನೂರು-ಮುನ್ನೂರು ಪದಗಳ ಅಭಿಪ್ರಾಯ. ಭಾನುವಾರ ರಾತ್ರಿಯೊಳಗೆ ಇಬ್ಬರು ಸಹಪಾಠಿಗಳ ಅಭಿಪ್ರಾಯಕ್ಕೆ ಉತ್ತರ. ಯಾರೂ ಒಂದೇ ಹೊತ್ತಿಗೆ ಸೇರಬೇಕಾಗಿಲ್ಲ. ರಾತ್ರಿ ಪಾಳಿಯ ನರ್ಸ್, ಮಕ್ಕಳನ್ನು ಮಲಗಿಸಿ ಬಂದ ತಾಯಿ, ಸೈನ್ಯದಲ್ಲಿರುವ ಯುವಕ, ಎಲ್ಲರೂ ಅವರವರ ವೇಳೆಗೆ ಓದಬಹುದು. ಕಾಲೇಜಿನ ಕಟ್ಟಡದೊಳಗೆ ಕಾಲಿಡಲಾಗದ ಇಂಥವರಿಗೆ ಇದು ಸಣ್ಣ ಉಪಕಾರವೇನಲ್ಲ. ಆದರೆ ‘ಇಬ್ಬರಿಗೆ ಉತ್ತರ’ ಎಂಬ ನಿಯಮ ಎಷ್ಟೋ ಕಡೆ ಬರೀ ಶಾಸ್ತ್ರವಾಗಿಬಿಡುತ್ತದೆ. ‘ನೀವು ಹೇಳಿದ್ದು ಚೆನ್ನಾಗಿದೆ, ನನಗೂ ಹಾಗೇ ಅನ್ನಿಸಿತು’ ಎಂಬ ಉತ್ತರಗಳ ರಾಶಿಯ ಕೆಳಗೆ ಮೆಲ್ವಿಲ್‌ನ ತಿಮಿಂಗಿಲವೂ ಮುಳುಗಿಹೋದೀತು.

ಹಾಗೆ ನೋಡಿದರೆ ಅಮೆರಿಕದ ಸಾಹಿತ್ಯಕ್ಕೆ ಸ್ವಂತ ದೇಶದ ತರಗತಿಯಲ್ಲಿ ಜಾಗ ಸಿಕ್ಕಿದ್ದೇ ತಡವಾಗಿ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅಲ್ಲಿನ ಕಾಲೇಜುಗಳಿಗೆ ಸಾಹಿತ್ಯವೆಂದರೆ ಇಂಗ್ಲೆಂಡಿನ ಸಾಹಿತ್ಯ. 1851ರಲ್ಲಿ ‘ಮೋಬಿ ಡಿಕ್’ ಬರೆದ ಹರ್ಮನ್ ಮೆಲ್ವಿಲ್ 1891ರಲ್ಲಿ ಸಾಯುವಾಗ ಬಹುಮಟ್ಟಿಗೆ ಮರೆತುಹೋದವನಾಗಿದ್ದ. ಅವನನ್ನು ವಿದ್ವಾಂಸರು ಮತ್ತೆ ಕಂಡುಕೊಂಡದ್ದು 1920ರ ದಶಕದಲ್ಲಿ. ವಿಶ್ವವಿದ್ಯಾಲಯ ಬಾಗಿಲು ತೆರೆಯುವ ಮುನ್ನವೇ ಜನರು ಮನೆಯಲ್ಲಿ ಓದುವ ಉಪಾಯ ಮಾಡಿಕೊಂಡಿದ್ದರು. ಬಾಸ್ಟನ್ನಿನ ಆನಾ ಟಿಕ್‌ನರ್ 1873ರಲ್ಲಿ ಸ್ಥಾಪಿಸಿದ ಸಂಘ ಹೆಂಗಸರಿಗೆ ಅಂಚೆಯಲ್ಲೇ ಪಾಠ ಹೇಳಿತು. ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಎಂಬಲ್ಲಿ 1878ರಲ್ಲಿ ಹುಟ್ಟಿದ ಓದುಗರ ಬಳಗ ನಾಲ್ಕು ವರ್ಷಗಳ ಓದಿನ ಪಟ್ಟಿ ಕೊಟ್ಟು ಊರೂರಲ್ಲಿ ಗುಂಪು ಕಟ್ಟಿತು. 1957ರಲ್ಲಿ ನ್ಯೂಯಾರ್ಕಿನ ಟೆಲಿವಿಷನ್ನಿನಲ್ಲಿ ಬೆಳಿಗ್ಗೆ ಆರೂವರೆಗೆ ಸಾಹಿತ್ಯದ ಪಾಠ ಶುರುವಾದಾಗ, ಮೊದಲು ಹೇಳಿದ ಸ್ಟೆಂಡಾಲ್‌ನ ಕಾದಂಬರಿ ಊರಿನ ಅಂಗಡಿಗಳಲ್ಲಿ ಖಾಲಿಯಾಯಿತು. ಆನ್‌ಲೈನ್ ಕೋರ್ಸು ಈ ವಂಶದ್ದೇ ಕುಡಿ.

ಈ ವಂಶದಲ್ಲಿ ಇತ್ತೀಚೆಗೆ ಹೆಸರು ಮಾಡಿದ್ದು ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ‘ಮಾಡ್‌ಪೋ’. ಆಧುನಿಕ ಮತ್ತು ಸಮಕಾಲೀನ ಅಮೆರಿಕನ್ ಕಾವ್ಯ ಎಂಬ ಉದ್ದ ಹೆಸರಿನ ಮೊಟಕು ರೂಪ ಇದು. ಪ್ರಾಧ್ಯಾಪಕ ಆಲ್ ಫಿಲ್‌ರೈಸ್ 2012ರ ಸೆಪ್ಟೆಂಬರಿನಲ್ಲಿ ಕೋರ್ಸೆರಾ ವೇದಿಕೆಯಲ್ಲಿ ಇದನ್ನು ಉಚಿತವಾಗಿ ತೆರೆದಾಗ ಹೆಸರು ನೋಂದಾಯಿಸಿದವರು ಸುಮಾರು 36,000 ಜನ. ಹತ್ತು ವಾರಗಳ ಈ ಕೋರ್ಸು ಡಿಕಿನ್ಸನ್ ಮತ್ತು ವಾಲ್ಟ್ ವಿಟ್ಮನ್‌ರಿಂದ ಆರಂಭವಾಗಿ, ಗರ್ಟ್ರೂಡ್ ಸ್ಟೈನ್‌ಳಂಥ ಜಗ್ಗದ ಕವಿಗಳನ್ನು ದಾಟಿ, ನಮ್ಮ ಕಾಲದ ಪ್ರಯೋಗಗಳವರೆಗೆ ಹೋಗುತ್ತದೆ. ಸುಲಭದ ಪದ್ಯ ಒಂದನ್ನೂ ಇಟ್ಟು ಪುಸಲಾಯಿಸದ ಪಠ್ಯಕ್ರಮ.

ಮಾಡ್‌ಪೋದ ವಿಶೇಷವಿರುವುದು ಅದರ ವಿಡಿಯೋಗಳಲ್ಲಿ. ಅಲ್ಲಿ ಉಪನ್ಯಾಸವೇ ಇಲ್ಲ. ಕೆಲಿ ರೈಟರ್ಸ್ ಹೌಸ್ ಎಂಬ ಹಳೆಯ ಮನೆಯ ಮೇಜಿನ ಸುತ್ತ ಫಿಲ್‌ರೈಸ್ ಮತ್ತು ಏಳೆಂಟು ಮಂದಿ ಕಿರಿಯರು ಕುಳಿತಿರುತ್ತಾರೆ. ಒಂದು ಚಿಕ್ಕ ಕವಿತೆ. ಈ ಪದ ಇಲ್ಲೇಕೆ ಬಂತು, ಈ ಸಾಲು ಅರ್ಧಕ್ಕೇ ಏಕೆ ನಿಂತಿತು ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಅಡ್ಡಮಾತು ಹೇಳುತ್ತಾರೆ, ಮೂರನೆಯವರು ತಡವರಿಸುತ್ತಾರೆ. ತಡವರಿಕೆಯನ್ನು ಕತ್ತರಿಸಿ ತೆಗೆದಿಲ್ಲ. ನೋಡುತ್ತಿರುವವರು ಆ ಮೇಜಿಗೆ ತಾವೂ ಒಂದು ಕುರ್ಚಿ ಎಳೆದುಕೊಂಡಂತೆ ಭಾವಿಸಲು ಇದೇ ಕಾರಣ. ವಾದ ಅಲ್ಲಿ ಮುಗಿಯದೆ ಚರ್ಚಾಪುಟಗಳಿಗೆ ಹರಿಯುತ್ತದೆ. ನಾಲ್ಕು ಸಣ್ಣ ಪ್ರಬಂಧಗಳನ್ನು ಬರೆಯಬೇಕು. ಅವನ್ನು ಓದಿ ಟಿಪ್ಪಣಿ ಹೇಳುವವರು ಸಹಪಾಠಿಗಳೇ. ಇದರ ಜೊತೆಗೆ ಅದೇ ಮನೆಯಿಂದ ನೇರಪ್ರಸಾರವೂ ಉಂಟು. ಅಲ್ಲಿ ಮಧ್ಯಾಹ್ನ ಹನ್ನೆರಡಾದರೆ ಬೆಂಗಳೂರಿನಲ್ಲಿ ಬೇಸಿಗೆ ಗಡಿಯಾರದ ಲೆಕ್ಕದಲ್ಲಿ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಕೂರುವ ಹೊತ್ತು.

ಉಚಿತ ಕೋರ್ಸುಗಳಿಗೆ ಸೇರಿದ ಹತ್ತು ಜನರಲ್ಲಿ ಕೊನೆ ಮುಟ್ಟುವವರು ಒಬ್ಬರೂ ಸಿಗುವುದು ಕಷ್ಟ ಎಂಬುದು ಎಲ್ಲರಿಗೂ ತಿಳಿದ ದೂರು. ಎಂಜಿನಿಯರಿಂಗ್ ಪಾಠಕ್ಕೆ ಅದು ಸೋಲೇ ಇರಬಹುದು. ಎರಡು ವಾರ ಡಿಕಿನ್ಸನ್‌ಳನ್ನು ಓದಿ ಎದ್ದುಹೋದವರನ್ನು ನಪಾಸಾದವರ ಲೆಕ್ಕಕ್ಕೆ ಸೇರಿಸುವುದು ಮಾತ್ರ ಸ್ವಲ್ಪ ಅವಸರದ ತೀರ್ಪು.

ಇನ್ನು ಪಠ್ಯದ ಪ್ರಶ್ನೆ. ಇದು ಹೊರಗಿನವರಿಗೆ ಹೊಳೆಯದ, ಆದರೆ ಆನ್‌ಲೈನ್ ವಿದ್ಯಾರ್ಥಿಯನ್ನು ನಿತ್ಯ ಕಾಡುವ ಸಂಗತಿ. ಡಿಕಿನ್ಸನ್ ಸುಮಾರು ಸಾವಿರದ ಎಂಟುನೂರು ಕವಿತೆ ಬರೆದಳು. ಬದುಕಿದ್ದಾಗ ಅಚ್ಚಾದದ್ದು ಹತ್ತರಷ್ಟು. ಸತ್ತ ಮೇಲೆ ತಂಗಿಯ ಕೈಗೆ ಹಸ್ತಪ್ರತಿಗಳ ಗಂಟು ಸಿಕ್ಕಿತು, ಕೆಲವು ಆಕೆಯೇ ದಾರ ಹಾಕಿ ಹೊಲಿದ ಪುಟ್ಟ ಹೊತ್ತಗೆಗಳು. 1890ರಲ್ಲಿ ಮೊದಲ ಸಂಕಲನ ಹೊರತಂದವರು ಮೇಬಲ್ ಲೂಮಿಸ್ ಟಾಡ್ ಮತ್ತು ಅದೇ ಹಿಗಿನ್ಸನ್. ಬದುಕಿದ್ದಾಗ ಶಿಷ್ಯೆ ಕೇಳದಿದ್ದ ತಿದ್ದುಪಡಿಗಳು ಈಗ ನಡೆದವು. ಆಕೆ ಎಲ್ಲೆಂದರಲ್ಲಿ ಎಳೆಯುತ್ತಿದ್ದ ಅಡ್ಡಗೆರೆಗಳು ಹೋಗಿ ಅಲ್ಪವಿರಾಮಗಳು ಬಂದವು, ಕುಂಟುವ ಪ್ರಾಸಗಳು ನೇರವಾದವು, ಹೆಸರಿಲ್ಲದ ಪದ್ಯಗಳಿಗೆ ಶೀರ್ಷಿಕೆಗಳಾದವು. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು. ಆಕೆ ಬರೆದ ರೂಪಕ್ಕೆ ಹತ್ತಿರವಾದ ಸಮಗ್ರ ಸಂಪುಟಗಳನ್ನು ಥಾಮಸ್ ಜಾನ್ಸನ್ ಸಂಪಾದಿಸಿ ಹಾರ್ವರ್ಡ್ ಪ್ರಕಟಿಸಿದ್ದು 1955ರಲ್ಲಿ.

ಕೃತಿಸ್ವಾಮ್ಯದ ಕಾನೂನು ಅಡ್ಡ ಬರುವುದು ಇಲ್ಲಿಯೇ. 1890ರ ಪಾಠ ಯಾರ ಸ್ವತ್ತೂ ಅಲ್ಲ; ಯಾರು ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. 1955ರ ಪಾಠದ ಹಕ್ಕು ತನ್ನದೆಂದು ಹಾರ್ವರ್ಡ್ ಹೇಳುತ್ತದೆ. ಪರಿಣಾಮವಾಗಿ, ದುಡ್ಡಿಲ್ಲದ ವಿದ್ಯಾರ್ಥಿ ಅಂತರಜಾಲದಲ್ಲಿ ಹುಡುಕಿದಾಗ ಮೊದಲು ಎದುರಾಗುವುದು ಹಲವು ಸಲ ತಿದ್ದಿ ತೀಡಿದ ಡಿಕಿನ್ಸನ್. ಅಡ್ಡಗೆರೆಯ ಅರ್ಥವೇನು ಎಂದು ಅಧ್ಯಾಪಕರು ಪ್ರಶ್ನೆ ಹಾಕಿರುತ್ತಾರೆ. ವಿದ್ಯಾರ್ಥಿಯ ಪುಟದಲ್ಲಿ ಅಡ್ಡಗೆರೆಯೇ ಇರುವುದಿಲ್ಲ. ಹಳಗನ್ನಡ ಕಾವ್ಯಗಳ ಸಂಪಾದನೆಯನ್ನು ಬಲ್ಲವರಿಗೆ ಪಾಠಾಂತರದ ಪಾಡು ಹೊಸದಲ್ಲ. ಒಂದು ಪಾಠ ಪುಕ್ಕಟೆ, ಇನ್ನೊಂದಕ್ಕೆ ಬೆಲೆ ಎಂಬುದು ಮಾತ್ರ ಹೊಸದು.

ಈ ಗಂಟನ್ನು ಸ್ವಲ್ಪ ಸಡಿಲಿಸಿದ್ದೂ ಅಂತರಜಾಲವೇ. 2013ರ ಅಕ್ಟೋಬರಿನಲ್ಲಿ ಹಾರ್ವರ್ಡ್ ಮತ್ತು ಇತರ ಗ್ರಂಥಭಂಡಾರಗಳ ಹಸ್ತಪ್ರತಿಗಳ ಚಿತ್ರಗಳು ಎಮಿಲಿ ಡಿಕಿನ್ಸನ್ ಆರ್ಕೈವ್ ಎಂಬ ತಾಣದಲ್ಲಿ ಎಲ್ಲರಿಗೂ ತೆರೆದವು. ಹಿಂದೆ ಬೆರಳೆಣಿಕೆಯ ವಿದ್ವಾಂಸರು ಅನುಮತಿ ಪಡೆದು ನೋಡುತ್ತಿದ್ದ ಕಾಗದಗಳನ್ನು ಈಗ ಯಾವ ಹಳ್ಳಿಯ ವಿದ್ಯಾರ್ಥಿಯೂ ನೋಡಬಹುದು. ಕೆಲವು ಪದಗಳ ಪಕ್ಕ ಆಕೆ ಪುಟ್ಟ ಕೂಡು ಚಿಹ್ನೆ ಇಟ್ಟು, ಪುಟದ ಕೆಳಗೆ ಬದಲಿ ಪದಗಳನ್ನು ಬರೆದಿಟ್ಟಿದ್ದಾಳೆ. ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸದೆ ಬಿಟ್ಟಿದ್ದಾಳೆ. ಅಚ್ಚಿನ ಪುಸ್ತಕ ಒಂದನ್ನು ಆರಿಸಲೇಬೇಕು. ಪರದೆಗೆ ಆ ಒತ್ತಾಯವಿಲ್ಲ. ವಿಟ್ಮನ್ನನದೂ ಇಂಥದೇ ಭಾಗ್ಯ. 1855ರಲ್ಲಿ ಹನ್ನೆರಡು ಕವಿತೆಗಳಿದ್ದ ‘ಲೀವ್ಸ್ ಆಫ್ ಗ್ರಾಸ್’ ಅವನ ಜೀವಮಾನವಿಡೀ ಬೆಳೆಯುತ್ತ ಹೋಯಿತು. ಆ ಎಲ್ಲ ಆವೃತ್ತಿಗಳೂ ವಿಟ್ಮನ್ ಆರ್ಕೈವ್‌ನಲ್ಲಿ ಉಚಿತ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯ ಗುಲಾಮರ ಆತ್ಮಕಥನಗಳನ್ನು ಹೀಗೆಯೇ ತೆರೆದಿಟ್ಟಿದೆ. ಫ್ರೆಡರಿಕ್ ಡಗ್ಲಸ್‌ನ 1845ರ ಪುಸ್ತಕ, ಹ್ಯಾರಿಯೆಟ್ ಜೇಕಬ್ಸ್‌ಳ 1861ರ ಪುಸ್ತಕ ಎರಡೂ ಅಲ್ಲಿವೆ.

ಹಳೆಯದು ಹೀಗೆ ಸಮೃದ್ಧ. ಹೊಸದರ ಕಥೆ ಬೇರೆ. ಯೇಲ್ ವಿಶ್ವವಿದ್ಯಾಲಯ ತನ್ನ ತರಗತಿಗಳ ವಿಡಿಯೋಗಳನ್ನು 2007ರಿಂದ ಉಚಿತವಾಗಿ ಕೊಡತೊಡಗಿತು. ಅವುಗಳಲ್ಲಿ ಏಮಿ ಹಂಗರ್‌ಫರ್ಡ್ ಅವರ, 1945ರ ನಂತರದ ಅಮೆರಿಕನ್ ಕಾದಂಬರಿಯ ಪಾಠಮಾಲೆ ಬಹು ಜನಪ್ರಿಯ. ಉಪನ್ಯಾಸಕ್ಕೆ ಕಾಸು ಬೇಡ. ಆದರೆ ಅವರು ಪಾಠ ಹೇಳುವ ಫ್ಲಾನರಿ ಒಕಾನರ್, ನಬೊಕೊವ್, ಟೋನಿ ಮಾರಿಸನ್, ಫಿಲಿಪ್ ರಾತ್ ಅವರ ಕಾದಂಬರಿಗಳನ್ನು ಕೊಂಡೇ ಓದಬೇಕು. ಅಮೆರಿಕದಲ್ಲಿ 1978ಕ್ಕೆ ಮುಂಚೆ ಪ್ರಕಟವಾದ ಕೃತಿಗೆ ಸಾಮಾನ್ಯವಾಗಿ 95 ವರ್ಷ ಹಕ್ಕು. ಅದರಂತೆ ಫಿಟ್ಸ್‌ಜೆರಾಲ್ಡ್‌ನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ 2021ರಲ್ಲಿ, ಫಾಕ್ನರ್‌ನ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ 2025ರಲ್ಲಿ ಮುಕ್ತವಾದವು. ರಾಲ್ಫ್ ಎಲಿಸನ್‌ನ ‘ಇನ್ವಿಸಿಬಲ್ ಮ್ಯಾನ್’ಗೆ 2048ರವರೆಗೆ, ಮಾರಿಸನ್‌ಳ ‘ದಿ ಬ್ಲೂಯೆಸ್ಟ್ ಐ’ಗೆ 2066ರವರೆಗೆ ಕಾಯಬೇಕು. ಉಚಿತ ಪಠ್ಯಗಳನ್ನೇ ನೆಚ್ಚಿದ ಕೋರ್ಸಿನಲ್ಲಿ ಅಮೆರಿಕದ ಸಾಹಿತ್ಯ ಹೀಗಾಗಿ 1920ರ ದಶಕದ ಆಚೀಚೆಗೆ ನಿಂತುಬಿಡುತ್ತದೆ. ಕಪ್ಪು ಜನಾಂಗದ, ವಲಸಿಗರ, ಮೂಲನಿವಾಸಿಗಳ ದೊಡ್ಡ ಬರವಣಿಗೆ ಬಂದದ್ದು ಬಹುಪಾಲು ಆ ನಂತರ ಎಂಬುದನ್ನು ನೆನೆದರೆ ನಷ್ಟದ ಅಳತೆ ತಿಳಿಯುತ್ತದೆ. ಭಾರತದಲ್ಲಿ ಲೇಖಕನ ಮರಣಾನಂತರ 60 ವರ್ಷದ ಲೆಕ್ಕವಿರುವುದರಿಂದ, 1961ರಲ್ಲಿ ತೀರಿಕೊಂಡ ಹೆಮಿಂಗ್ವೆ ಜೀವಿತಕಾಲದಲ್ಲಿ ಪ್ರಕಟಿಸಿದ್ದೆಲ್ಲ ಇಲ್ಲಿ 2022ರಿಂದಲೇ ಮುಕ್ತ. ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಅಮೆರಿಕದ ವಿದ್ಯಾರ್ಥಿಗಿಂತ ಕಾಲು ಶತಮಾನ ಮೊದಲು ನಮ್ಮ ವಿದ್ಯಾರ್ಥಿಯ ಪಾಲಿಗೆ ಬಂದಂತಾಯಿತು.

ದೂರದಿಂದ ಈ ಸಾಹಿತ್ಯವನ್ನು ಓದುವ ಕಷ್ಟ ಮೈಸೂರಿಗೆ ಹಳೆಯ ಪರಿಚಯ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕನ್ ಸಾಹಿತ್ಯದ ಬೋಧನೆಗೆ ದಾರಿ ಮಾಡಿದವರಲ್ಲಿ ಸಿ.ಡಿ. ನರಸಿಂಹಯ್ಯನವರು ಪ್ರಮುಖರು, ಏಷ್ಯಾದ ಓದುಗರು ಆ ಸಾಹಿತ್ಯವನ್ನು ಹೇಗೆ ಕಂಡರು ಎಂಬ ಬಗ್ಗೆ ಅವರು ಸಂಪಾದಿಸಿದ ಪುಸ್ತಕ 1972ರಲ್ಲಿ ಬಂತು. ಆಗ ಪುಸ್ತಕ ಬೇಕೆಂದರೆ ಅಧ್ಯಾಪಕರು ರೈಲು ಹತ್ತಿ, 1964ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರದ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಅದರ ವಿದ್ಯಾರ್ಥಿಗೆ ಮನೆಗೆ ಬರುವ ಪಾಠಪುಸ್ತಿಕೆ ಒಂದಾದರೆ, ಸಂಪರ್ಕ ತರಗತಿಯ ಕೆಲವೇ ದಿನಗಳ ಮಾತುಕತೆ ಇನ್ನೊಂದು; ಹಲವರು ನೆನೆಯುವುದು ಎರಡನೆಯದನ್ನು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ವಯಂ’ ವೇದಿಕೆಯಲ್ಲಿ ಅಮೆರಿಕನ್ ಸಾಹಿತ್ಯದ ಪಾಠಗಳೂ ಇವೆ. ಇಂಥ ಆನ್‌ಲೈನ್ ಕೋರ್ಸುಗಳ ಅಂಕಗಳನ್ನು ಪದವಿಗೆ ಶೇ. 40ರವರೆಗೆ ಸೇರಿಸಿಕೊಳ್ಳಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ಆದರೆ ವಾರದ ಪರೀಕ್ಷೆ ಹೆಚ್ಚಾಗಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವಂಥದು. ಕಾದಂಬರಿ ಪ್ರಕಟವಾದ ವರ್ಷವನ್ನು ಹಾಗೆ ಕೇಳಬಹುದು. ಅದರ ಕೊನೆಯ ಅಧ್ಯಾಯ ಓದಿದಾಗ ಆದ ಗಲಿಬಿಲಿಯನ್ನು ಕೇಳಲಾಗದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಚರ್ಚಾಪುಟಗಳಿಗೆ ಹೊಸ ಸಂಕಟ ತಗಲಿಕೊಂಡಿದೆ. ಇನ್ನೂರು ಪದಗಳ ಸಭ್ಯ ಅಭಿಪ್ರಾಯವನ್ನು ಯಂತ್ರ ಕ್ಷಣದಲ್ಲಿ ಬರೆದುಕೊಡುತ್ತದೆ, ಇಬ್ಬರು ಸಹಪಾಠಿಗಳಿಗೆ ಉತ್ತರವನ್ನೂ. ಯಂತ್ರ ಬರೆದದ್ದಕ್ಕೆ ಯಂತ್ರವೇ ಉತ್ತರಿಸುವ ತರಗತಿಯಲ್ಲಿ ಪ್ರಾಮಾಣಿಕವಾಗಿ ಓದಿದ ಒಬ್ಬಳು ಯಾರೊಡನೆ ಮಾತಾಡಬೇಕು? ಕೆಲವು ಅಧ್ಯಾಪಕರು ಪ್ರಬಂಧ ಬಿಟ್ಟು ಬೇರೆ ದಾರಿ ಹಿಡಿದಿದ್ದಾರೆ. ಪದ್ಯವನ್ನು ಗಟ್ಟಿಯಾಗಿ ಓದಿ ಧ್ವನಿ ಕಳಿಸಲು ಹೇಳುತ್ತಾರೆ. ಎಲ್ಲರೂ ಒಂದೇ ಪಠ್ಯದ ಅಂಚಿನಲ್ಲಿ ಟಿಪ್ಪಣಿ ಬರೆಯುವಂತೆ ಮಾಡುತ್ತಾರೆ. ಐದೈದು ಜನರನ್ನು ವಾರಕ್ಕೊಮ್ಮೆ ಪರದೆಯ ಮೇಲೆ ಕರೆದು ಕೇಳುತ್ತಾರೆ. ಇಪ್ಪತ್ತೈದು ಜನರ ತರಗತಿಯಾದರೆ ಒಬ್ಬ ಅಧ್ಯಾಪಕ ಇದನ್ನು ಮಾಡಬಲ್ಲ. ನೂರು ಜನರಿಗೆ ಒಬ್ಬನೇ ಸಾಕು ಎಂದು ಕಾಲೇಜಿನ ಆಡಳಿತ ಲೆಕ್ಕ ಹಾಕಿದ ದಿನ ಅವನು ಮತ್ತೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪ್ರಶ್ನೆಪತ್ರಿಕೆಗೇ ಮರಳುತ್ತಾನೆ.