ಪಿಕಪ್ ಓಡಿಸೋರೇ, ಡೀಸೆಲ್ ಫಿಲ್ಟರ್‌ನಲ್ಲಿ ನೀರು ಇದೆಯಾ ನೋಡ್ಕೊಳ್ಳಿ: ಐದು ನಿಮಿಷದ ಕೆಲಸ, ಉಳಿಯೋದು ಎಂಜಿನ್

ಕೋಲಾರ: ಟೊಮೆಟೊ ಸೀಸನ್ ಶುರುವಾದ್ರೆ ನಮ್ಮ ಜಿಲ್ಲೆಯಲ್ಲಿ ಪಿಕಪ್ ಗಾಡಿಗಳಿಗೆ ಹಗಲು, ರಾತ್ರಿ ಎರಡೂ ಒಂದೇ. ಶ್ರೀನಿವಾಸಪುರ, ಮುಳಬಾಗಿಲು ಕಡೆ ತೋಟಗಳಲ್ಲಿ 15 ಕೆ.ಜಿ. ಬಾಕ್ಸ್‌ಗಳನ್ನು ತುಂಬಿಕೊಂಡು ಹೊರಟ ಗಾಡಿ ಹರಾಜಿಗೆ ಮುಂಚೆ ಕೋಲಾರ ಎಪಿಎಂಸಿ ಸೇರಬೇಕು. ನಡುದಾರಿಯಲ್ಲಿ ಗಾಡಿ ಜರ್ಕ್ ಹೊಡೆದು ನಿಂತರೆ ಹೋಗೋದು ಬಾಡಿಗೆ ಮಾತ್ರ ಅಲ್ಲ. ರೈತರಿಗೆ ಆ ದಿನದ ರೇಟೂ ಕೈತಪ್ಪುತ್ತೆ.

ಹೀಗೆ ನಿಲ್ಲುವ ಗಾಡಿಗಳಲ್ಲಿ ಎಷ್ಟೋ ಸಲ ಕಾರಣ ದೊಡ್ಡದೇನೂ ಇರಲ್ಲ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿರುತ್ತೆ, ಇಲ್ಲವೇ ಅದರ ತಳದಲ್ಲಿ ನೀರು ತುಂಬಿರುತ್ತೆ. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಹತ್ತಿರುತ್ತೆ. ಡ್ರೈವರ್ ಮಾಲೀಕರಿಗೆ ಹೇಳಿರ್ತಾನೆ. "ಈ ಲೋಡ್ ಹಾಕ್ಬಿಟ್ಟು ಬಾರಪ್ಪ, ಆಮೇಲೆ ನೋಡೋಣ" ಅನ್ನೋ ಉತ್ತರ ಬಂದಿರುತ್ತೆ. ಆ 'ಆಮೇಲೆ' ಎಷ್ಟು ದುಬಾರಿ ಅನ್ನೋದನ್ನೇ ಇಲ್ಲಿ ಹೇಳ್ತಿದ್ದೇವೆ.

ಹಳೇ ಗಾಡಿ ತಡೀತಿತ್ತು, ಈಗಿನದು ತಡೆಯಲ್ಲ

"ನಮ್ಮಪ್ಪನ ಕಾಲದ ಗಾಡಿ ಎಂಥಾ ಡೀಸೆಲ್ ಹಾಕಿದ್ರೂ ಓಡ್ತಿತ್ತು" ಅನ್ನೋ ಮಾತು ಪ್ರತಿ ಗ್ಯಾರೇಜ್‌ನಲ್ಲೂ ಕೇಳಿಸುತ್ತೆ. ಮಾತು ನಿಜ, ಆದರೆ ಎಂಜಿನ್ ಬದಲಾಗಿದೆ. ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಲ್ಲಿದೆ. ಈಗಿನ ಡೀಸೆಲ್ ಪಿಕಪ್‌ಗಳಲ್ಲಿ ಇರೋದು ಕಾಮನ್ ರೈಲ್ ಎಂಜಿನ್.

ಇದರಲ್ಲಿ ಒತ್ತಡ ಎಷ್ಟಿರುತ್ತೆ ಗೊತ್ತಾ? ಟೈರಿಗೆ 60 ಪಿಎಸ್‌ಐ ಗಾಳಿ ಹಾಕಿಸಿದ್ರೆ ಅದು ಸುಮಾರು 4 ಬಾರ್. ಕಾಮನ್ ರೈಲ್‌ನಲ್ಲಿ ಡೀಸೆಲ್ ಒತ್ತಡ 1,600 ಬಾರ್‌ವರೆಗೂ ಹೋಗುತ್ತೆ, ಕೆಲವು ಎಂಜಿನ್‌ಗಳಲ್ಲಿ ಇನ್ನೂ ಹೆಚ್ಚು. ಟೈರಿನ ಗಾಳಿಗಿಂತ 400 ಪಟ್ಟು! ಇಷ್ಟು ಒತ್ತಡ ಸೋರದಂತೆ ಹಿಡಿಯೋದಕ್ಕೆ ಇಂಜೆಕ್ಟರ್ ಒಳಗಿನ ಭಾಗಗಳ ನಡುವೆ ಬಿಟ್ಟಿರುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ ದೂಳಿನ ಕಣವೂ ಅಲ್ಲಿ ಉಪ್ಪುಕಾಗದದ ಹಾಗೆ ಉಜ್ಜುತ್ತೆ.

ನೀರಂತೂ ಇನ್ನೂ ಕೆಟ್ಟದು. ಹೈ ಪ್ರೆಶರ್ ಪಂಪ್‌ಗೆ ಬೇರೆ ಗ್ರೀಸ್, ಆಯಿಲ್ ಕೊಡಲ್ಲ. ಸಾಮಾನ್ಯವಾಗಿ ಡೀಸೆಲ್‌ನ ಜಿಡ್ಡೇ ಅದಕ್ಕೆ ಆಧಾರ. ನೀರಿಗೆ ಆ ಜಿಡ್ಡು ಇಲ್ಲ. ಲೋಹಕ್ಕೆ ಲೋಹ ಉಜ್ಜುತ್ತೆ, ತುಕ್ಕು ಹಿಡಿಯುತ್ತೆ. ಬಿಸಿ ಇಂಜೆಕ್ಟರ್ ತುದಿಯಲ್ಲಿ ನೀರು ಆವಿಯಾದರೆ ತುದಿಯೇ ಹಾಳಾಗಬಹುದು. ಪಂಪ್ ಸವೆದು ಉದುರಿದ ಲೋಹದ ಪುಡಿ ರೈಲ್‌ಗೂ ಇಂಜೆಕ್ಟರ್‌ಗಳಿಗೂ ಹೋದರೆ ಒಂದು ಪಾರ್ಟ್ ಬದಲಿಸಿ ಮುಗಿಸೋಕಾಗಲ್ಲ, ಇಡೀ ಲೈನ್ ಬಿಚ್ಚಬೇಕು. ಫಿಲ್ಟರ್ ಖರ್ಚು ಹೆಚ್ಚೂಕಡಿಮೆ ಒಂದು ದಿನದ ಬಾಡಿಗೆಯಲ್ಲಿ ಮುಗಿಯುತ್ತೆ. ಪಂಪು, ಇಂಜೆಕ್ಟರ್ ಅಂದ್ರೆ ಹತ್ತಾರು ಸಾವಿರ, ಜೊತೆಗೆ ಗಾಡಿ ನಿಂತಷ್ಟು ದಿನದ ಇಎಂಐ.

ನೀರು ಬರೋದು ಎಲ್ಲಿಂದ?

ಎಲ್ಲಾ ಸಲ ಬಂಕ್‌ನವರನ್ನೇ ಬೈಯೋದು ಸರಿಯಲ್ಲ. ಅರ್ಧ ಖಾಲಿ ಟ್ಯಾಂಕ್‌ನಲ್ಲಿ ಗಾಳಿ ಇರುತ್ತೆ. ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಟ್ಯಾಂಕ್ ಗೋಡೆಗೆ ಹನಿಯಾಗಿ ಕೂತು ಕೆಳಗಿಳಿಯುತ್ತೆ. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳ ಸೇರುತ್ತೆ. ನೀರು ನಿಂತ ಕಡೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟಿಸುತ್ತವೆ. ತೋಟದ ಮನೆಯಲ್ಲಿ ಪ್ಲಾಸ್ಟಿಕ್ ಕ್ಯಾನ್, ಡ್ರಮ್‌ನಲ್ಲಿ ಇಟ್ಟ ಡೀಸೆಲ್ ಹಾಕಿದರಂತೂ ನೀರು, ಮಣ್ಣು ಎರಡೂ ಜೊತೆಗೆ ಬರುತ್ತೆ.

ಅದಕ್ಕೇ ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ ನಿಲ್ಲಿಸೋದು ಒಳ್ಳೇದು. ಬಂಕ್‌ನಲ್ಲಿ ಟ್ಯಾಂಕರ್ ಡೀಸೆಲ್ ಇಳಿಸ್ತಿದ್ದರೆ ಆ ಹೊತ್ತು ಬಿಟ್ಟು ಹಾಕಿಸಿ. ತಳದ ಕೊಳೆ ಕದಡಿರಬಹುದು. ಅನುಮಾನ ಬಂದರೆ ಡೆನ್ಸಿಟಿ ತೋರಿಸಿ ಅಂತ ಕೇಳುವ ಹಕ್ಕು ಗ್ರಾಹಕರಿಗಿದೆ. ಬಿಲ್ ಮಾತ್ರ ಮರೀದೆ ಇಸ್ಕೊಳ್ಳಿ.

ಲೈಟ್ ಹತ್ತಿದಾಗ ಏನು ಮಾಡ್ಬೇಕು?

ಕೀ ಆನ್ ಮಾಡಿದಾಗ ಫಿಲ್ಟರ್ ಕೆಳಗೆ ಹನಿಗಳಿರುವ ಚಿತ್ರ ಒಂದು ಕ್ಷಣ ಬಂದು ಆರಿಹೋಗಬೇಕು. ಆರದೇ ಇದ್ದರೆ, ಅಥವಾ ಓಡ್ತಿರುವಾಗ ಹತ್ತಿದರೆ, ಫಿಲ್ಟರ್ ತಳದಲ್ಲಿ ನೀರು ಸೇರಿದೆ ಅಂತ ಅರ್ಥ. ರಸ್ತೆ ಪಕ್ಕ ಸೇಫಾದ ಜಾಗ ನೋಡಿ ನಿಲ್ಲಿಸಿ. ನೀರು ಬಿಡೋದು ಹೀಗೆ:

1. ಎಂಜಿನ್ ಆಫ್ ಮಾಡಿ, ಸ್ವಲ್ಪ ತಣ್ಣಗಾಗಲಿ. ಬೀಡಿ, ಸಿಗರೇಟ್ ಹತ್ತಿರ ಬೇಡ.
2. ಫಿಲ್ಟರ್ ಕೆಳಗೆ ಬಾಯಿ ಅಗಲದ, ಒಳಗಿರೋದು ಕಾಣುವಂಥ ಡಬ್ಬ ಹಿಡಿಯಿರಿ.
3. ತಳದ ಡ್ರೈನ್ ಸ್ಕ್ರೂ ನಿಧಾನವಾಗಿ ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ.
4. ಮೊದಲು ನೀರು, ಆಮೇಲೆ ಮಬ್ಬು ಡೀಸೆಲ್ ಬರುತ್ತೆ. ತಿಳಿ ಡೀಸೆಲ್ ಬಂದ ಕೂಡಲೇ ಟೈಟ್ ಮಾಡಿ.
5. ಹ್ಯಾಂಡ್ ಪ್ರೈಮರ್ ಇದ್ದರೆ ಗಟ್ಟಿಯಾಗುವವರೆಗೂ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಸೋರಿಕೆ ಇದೆಯಾ ನೋಡಿ.

ಕೆಲವು ಮಾಡೆಲ್‌ಗಳಲ್ಲಿ ಡ್ರೈನ್ ಸ್ಕ್ರೂ ಇರುವ ಜಾಗ ಬೇರೆ ಇರುತ್ತೆ. ಓನರ್ಸ್ ಮ್ಯಾನ್ಯುಯಲ್ ನೋಡಿ, ಇಲ್ಲವೇ ನಿಮ್ಮ ಮೆಕ್ಯಾನಿಕ್ ಹತ್ರ ಒಂದು ಸಲ ತೋರಿಸಿಕೊಳ್ಳಿ. ನೀರು ಬಿಟ್ಟ ಮೇಲೂ ಲೈಟ್ ಮತ್ತೆ ಮತ್ತೆ ಬಂದರೆ ಟ್ಯಾಂಕ್‌ನಲ್ಲೇ ನೀರಿದೆ. ಆಗ ಟ್ಯಾಂಕ್ ಇಳಿಸಿ ತೊಳೆಸಬೇಕು.

ಇನ್ನೊಂದು ಎಚ್ಚರಿಕೆ. ಏರ್ ಹಿಡಿದಿದೆ ಅಂತ ಹಳೇ ಗಾಡಿಗಳಲ್ಲಿ ಇಂಜೆಕ್ಟರ್ ನಟ್ ಸಡಿಲ ಮಾಡಿ ಸೆಲ್ಫ್ ಹೊಡೀತಿದ್ರು. ಕಾಮನ್ ರೈಲ್‌ನಲ್ಲಿ ಹಾಗೆ ಮಾಡಲೇಬಾರದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಕೇಸ್ ಅದು.

ಫಿಲ್ಟರ್ ಕಟ್ಟಿದ್ರೆ ಗೊತ್ತಾಗೋದು ಹೇಗೆ?

ಖಾಲಿ ಗಾಡಿ ಚೆನ್ನಾಗೇ ಓಡುತ್ತೆ. ಲೋಡ್ ಹಾಕಿ ಏರು ಹತ್ತಿಸಿದಾಗ ಎಳೆಯಲ್ಲ. ಆಕ್ಸಿಲೇಟರ್ ಪೂರ್ತಿ ಒತ್ತಿದರೂ ಪಿಕಪ್ ಬರಲ್ಲ. ಬೆಳಗ್ಗೆ ಸ್ಟಾರ್ಟಿಂಗ್ ಟ್ರಬಲ್. ಇವೆಲ್ಲ ಮುನ್ಸೂಚನೆ. "ಅಣ್ಣ, ಫಿಲ್ಟರ್ ಇನ್ನೂ ಚೆನ್ನಾಗೈತೆ, ತೊಳ್ದು ಹಾಕ್ತೀನಿ" ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ. ಡೀಸೆಲ್ ಫಿಲ್ಟರ್ ಪೇಪರ್ ತೊಳೆಯೋಕೆ ಮಾಡಿದ್ದಲ್ಲ. ಕಂಪ್ರೆಸರ್ ಗಾಳಿ ಹೊಡೆದರೆ ಪೇಪರ್ ಹರಿದು, ಕೊಳೆ ಸೀದಾ ಪಂಪ್‌ಗೆ ಹೋಗುತ್ತೆ. ಹೊಸ ಫಿಲ್ಟರ್‌ಗೆ ಬಾಟಲಿಯಿಂದ ಡೀಸೆಲ್ ಸುರಿದು ಕೂರಿಸೋದೂ ತಪ್ಪು. ಸೋಸದ ಡೀಸೆಲ್ ಸೋಸಿದ ಭಾಗಕ್ಕೆ ಸೇರಿಬಿಡುತ್ತೆ. ಪ್ರೈಮರ್‌ನಲ್ಲೇ ತುಂಬಿಸಲಿ.

ಆಯಿಲ್ ಫಿಲ್ಟರ್ ಕಥೆ ಬೇರೆ

ಡೀಸೆಲ್ ಫಿಲ್ಟರ್ ಕಟ್ಟಿದರೆ ಗಾಡಿ ನಿಲ್ಲುತ್ತೆ, ಗೊತ್ತಾಗುತ್ತೆ. ಆಯಿಲ್ ಫಿಲ್ಟರ್ ಕಟ್ಟಿದರೆ ಗಾಡಿ ಓಡ್ತಾನೇ ಇರುತ್ತೆ. ಯಾಕಂದ್ರೆ ಎಂಜಿನ್‌ಗೆ ಆಯಿಲ್ ಪೂರ್ತಿ ನಿಲ್ಲಬಾರದು ಅಂತ ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಫಿಲ್ಟರ್ ಕಟ್ಟಿದಾಗ ಅದು ತೆರೆದುಕೊಳ್ಳುತ್ತೆ, ಸೋಸದ ಆಯಿಲ್ ಹಾಗೇ ಬೇರಿಂಗ್‌ಗಳಿಗೆ ಹೋಗುತ್ತೆ. ಅದೇ ಆಯಿಲ್ ಟರ್ಬೊಗೂ ಹೋಗೋದು. ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಕೊಳೆ ಆಯಿಲ್‌ನಲ್ಲಿ ಅದು ಎಷ್ಟು ದಿನ ಬಾಳೀತು?

ಹಾಗಾಗಿ ಆಯಿಲ್ ಬದಲಿಸಿದಾಗೆಲ್ಲ ಫಿಲ್ಟರ್ ಕೂಡ ಬದಲಿಸಿ. ಹಳೇದನ್ನೇ ಬಿಟ್ಟರೆ ಅದರಲ್ಲಿ ಉಳಿದ ಕೊಳೆ ಹೊಸ ಆಯಿಲ್‌ಗೆ ಸೇರುತ್ತೆ. ಹೊರಗಿಂದ ತಿರುಗಿಸಿ ಕೂರಿಸುವ ಫಿಲ್ಟರ್ ಆದರೆ ರಬ್ಬರ್ ವಾಷರ್‌ಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ಟೈಟ್ ಮಾಡಿಸಿ. ಹಳೇ ವಾಷರ್ ಎಂಜಿನ್‌ಗೆ ಅಂಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗುತ್ತೆ. ಮಸಿಯನ್ನು ಹಿಡಿದಿಟ್ಟುಕೊಳ್ಳೋದೇ ಅದರ ಕೆಲಸ, ಅದಕ್ಕೆ ಗಾಬರಿ ಬೇಡ. ಆದರೆ ಡಿಪ್‌ಸ್ಟಿಕ್‌ನಲ್ಲಿ ಲೆವೆಲ್ ತಾನಾಗೇ ಏರಿದ್ರೆ, ಡೀಸೆಲ್ ವಾಸನೆ ಬಂದ್ರೆ ಅಥವಾ ಹಾಲು ಹಾಕಿದ ಕಾಫಿ ಬಣ್ಣ ಕಂಡ್ರೆ ಓಡಿಸಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಡಿಪಿಎಫ್ ಇರುವ ಬಿಎಸ್-6 ಗಾಡಿಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್ ಆಯಿಲ್ ಮಾತ್ರ ಹಾಕಿಸಿ.

ಕಿಲೋಮೀಟರ್ ಒಂದೇ ಲೆಕ್ಕ ಅಲ್ಲ

ಮಂಡಿ ಗೇಟಿನ ಮುಂದೆ ಕ್ಯೂನಲ್ಲಿ ಗಂಟೆಗಟ್ಟಲೆ ಎಂಜಿನ್ ಆನ್ ಇದ್ದರೆ ಮೀಟರ್ ಓಡಲ್ಲ, ಎಂಜಿನ್ ಮಾತ್ರ ಓಡಿರುತ್ತೆ. ಮಾಲೂರಿನ ಇಟ್ಟಿಗೆ ಗೂಡು, ಕಲ್ಲು ಕ್ವಾರಿ ಕಡೆ ಓಡುವ ಗಾಡಿಗೆ ದೂಳೂ ಹೆಚ್ಚು. ಇಂಥ ಗಾಡಿಗಳಿಗೆ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಕಷ್ಟದ ಬಳಕೆಯ ಅವಧಿಯನ್ನೇ ಪಾಲಿಸಿ. ಏರ್ ಫಿಲ್ಟರ್ ಕೂಡ ಬೇಗ ಬೇಗ ನೋಡಿಸಿ.

ಅಂಗಡಿ ಗಾಡಿ ಇಟ್ಟುಕೊಂಡು ಡ್ರೈವರ್ ಕೈಗೆ ಕೊಟ್ಟಿರುವ ಕಿರಾಣಿ, ಸಿಮೆಂಟ್, ಹಾರ್ಡ್‌ವೇರ್ ಅಂಗಡಿಯವರಿಗೆ ಒಂದು ಮಾತು. ಫಿಲ್ಟರ್ ಮೇಲೆ ಮಾರ್ಕರ್‌ನಲ್ಲಿ ತಾರೀಕು, ಕಿಲೋಮೀಟರ್ ಬರೆಸಿ. ಡಬ್ಬಿಯ ಮೇಲೆ ಎಂಆರ್‌ಪಿ, ಬ್ಯಾಚ್ ನಂಬರ್ ನೋಡಿ, ಜಿಎಸ್‌ಟಿ ಬಿಲ್ ಹಾಕಿಸಿಯೇ ತಗೊಳ್ಳಿ. ಡೂಪ್ಲಿಕೇಟ್ ಮಾಲು ಹೊರಗಿಂದ ನೋಡೋಕೆ ಒಂದೇ ಥರ ಇರುತ್ತೆ. ಹಳೇ ಆಯಿಲ್, ತೆಗೆದ ಡೀಸೆಲ್ ಚರಂಡಿಗೆ ಸುರಿಸಬೇಡಿ, ಅದು ಹೋಗಿ ಸೇರೋದು ನಮ್ಮ ಕೆರೆಗೇ.

ಎಲ್ಲಕ್ಕಿಂತ ಮುಖ್ಯವಾಗಿ, "ಸಾರ್, ಲೈಟ್ ಹತ್ತೈತೆ" ಅಂತ ಡ್ರೈವರ್ ಫೋನ್ ಮಾಡಿದಾಗ ಬೈಯಬೇಡಿ. "ನಿಲ್ಲಿಸಿ ನೀರು ಬಿಡಪ್ಪ, ಲೋಡ್ ಹತ್ತು ನಿಮಿಷ ಲೇಟಾದ್ರೂ ಪರವಾಗಿಲ್ಲ" ಅನ್ನಿ. ಹಾಗೆ ಹೇಳಿದ್ರೆ ಮುಂದಿನ ಸಲವೂ ಆತ ಧೈರ್ಯವಾಗಿ ಫೋನ್ ಮಾಡ್ತಾನೆ.