ಟವರ್‌ಗೆ ಒಂದು ಅರ್ಥ್, ಮನೆಗೆ ಇನ್ನೊಂದು: ಸಿಡಿಲು ಬಂದಾಗ ನಿಮ್ಮ ನೆಟ್ ಸಾಯೋದು ಇಲ್ಲೇ

ಇವತ್ತು ಸಿಡಿಲು ಮತ್ತು ನಿಮ್ಮ ಇಂಟರ್ನೆಟ್ ಬಗ್ಗೆ ಮಾತಾಡೋಣ.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟ ನೋಡಿದ್ದೀರಾ? ಮೇಲಿರೋ ದೇವರ ಹೆಸರು ಸಿಡಿಲು ಮಲ್ಲಿಕಾರ್ಜುನ. ಸುತ್ತ ಬಯಲು, ನಡುವೆ ಒಂದು ಎತ್ತರ. ಸಿಡಿಲು ಎಲ್ಲಿಗೆ ಇಳಿಯುತ್ತೆ ಅನ್ನೋದು ಹಿಂದಿನವರಿಗೆ ಚೆನ್ನಾಗೇ ಗೊತ್ತಿತ್ತು. ಈಗ ನಾವೇ ಊರೂರಲ್ಲಿ ಅಂಥ ಎತ್ತರಗಳನ್ನ ನಿಲ್ಲಿಸ್ತಾ ಇದ್ದೀವಿ, ಕಬ್ಬಿಣದಲ್ಲಿ.

2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ಬ್ಯಾಂಡಿನ ದೊಡ್ಡ ಭಾಗವನ್ನ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿತು. ಹಾಗಾಗಿ ಒಂದು ಟವರ್ ಮೇಲೆ ರೇಡಿಯೋ, ನಿಮ್ಮ ತಾರಸಿ ಮೇಲೆ ಸಣ್ಣ ಡಿಶ್, ಅಷ್ಟರಲ್ಲೇ ಊರಿಗೆ ನೆಟ್ ತರಬಹುದು. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಗೆ, ಹುಣಸೂರು ಕಡೆಯ ತೋಟದ ಮನೆಗಳಿಗೆ ಕೇಬಲ್ ಎಳೆಯೋದಕ್ಕಿಂತ ಇದು ಸುಲಭ. ತೊಂದರೆ ಶುರುವಾಗೋದು ಏಪ್ರಿಲ್, ಮೇನಲ್ಲಿ. ತಂಬಾಕು ಸಸಿ ನಾಟಿ ಹೊತ್ತಿಗೆ ಅಶ್ವಿನಿ, ಭರಣಿ ಮಳೆ ಬರುತ್ತೆ, ಸಂಜೆ ಗುಡುಗು ಜೋರಾಗುತ್ತೆ, ನೆಟ್ ಹೋಗುತ್ತೆ. ಹೊಸ ರೇಡಿಯೋ ಬಂದು, ಟವರ್ ಹತ್ತೋರು ಸಿಕ್ಕಿ, ಸರಿಹೋಗೋವರೆಗೆ ದಿನಗಟ್ಟಲೆ ಊರೇ ಆಫ್‌ಲೈನ್. ಆ ವಾರ ಯಾರಿಗೋ ಆನ್‌ಲೈನ್ ಅರ್ಜಿ ಹಾಕೋಕೆ ಕೊನೇ ದಿನ ಇರುತ್ತೆ.

"ಟವರ್‌ಗೆ ಸಿಡಿಲು ಹೊಡೀತು, ಏನ್ ಮಾಡೋಕಾಗುತ್ತೆ" ಅಂತ ಸುಮ್ಮನಾಗ್ತೀವಲ್ಲ, ಅಲ್ಲೇ ನನ್ನ ತಕರಾರು. ಉಪಕರಣ ಸುಟ್ಟುಹೋಗೋಕೆ ಸಿಡಿಲು ನೇರವಾಗಿ ಅದರ ಮೇಲೇ ಬೀಳಬೇಕಿಲ್ಲ. ಹತ್ತಿರದಲ್ಲಿ ಎಲ್ಲೋ ಬಿದ್ದರೂ ಉದ್ದದ ಲ್ಯಾನ್ ಕೇಬಲ್ ಆಂಟೆನಾ ಥರ ಅದರ ಹೊಡೆತ ಹಿಡಿಯುತ್ತೆ. ಕರೆಂಟ್ ಲೈನಿನಲ್ಲೂ ಬರುತ್ತೆ. ನೇರವಾಗಿ ಟವರ್‌ಗೇ ಬಿದ್ದಾಗಲೂ ಉಪಕರಣ ಉಳಿಸೋಕೆ ಅವಕಾಶ ಇದೆ.

ನಾನು ಬಿಕಾಂ ಓದಿದವನು, ಲೆಕ್ಕ ಹಾಕದೆ ಸಮಾಧಾನ ಇಲ್ಲ. ಒಂದು ಸಾಧಾರಣ ಸಿಡಿಲಿನ ಕರೆಂಟ್ ಸುಮಾರು 30,000 ಆಂಪಿಯರ್. ಟವರ್ ಬುಡದ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 10 ಓಮ್ ಅಂದ್ಕೊಳ್ಳಿ. ಎರಡನ್ನೂ ಗುಣಿಸಿ: 3 ಲಕ್ಷ ವೋಲ್ಟ್. ತುಂಬ ಖರ್ಚು ಮಾಡಿ 1 ಓಮ್‌ಗೆ ಇಳಿಸಿದ್ರಿ ಅನ್ನಿ, ಆಗಲೂ 30,000 ವೋಲ್ಟ್. ಅಂದ್ರೆ ಅರ್ಥಿಂಗ್ ಎಷ್ಟೇ ಚೆನ್ನಾಗಿರಲಿ, ಆ ಕ್ಷಣಕ್ಕೆ ಟವರ್ ಬುಡದ ನೆಲವೇ ಮೇಲೇಳುತ್ತೆ. ಸೊನ್ನೆ ಅನ್ನೋದು ಇಲ್ಲವೇ ಇಲ್ಲ.

ಈಗ ನಮ್ಮಲ್ಲಿ ಸಾಮಾನ್ಯವಾಗಿ ಮಾಡೋದು ನೋಡಿ. ಟವರ್‌ಗೆ ಒಂದು ಗುಂಡಿ, ಪಕ್ಕದ ರೂಮಿನ ಕರೆಂಟಿಗೆ ಇನ್ನೊಂದು. "ಬೇರೆ ಬೇರೆ ಇದ್ರೆ ಸಿಡಿಲು ಒಳಗೆ ಬರಲ್ಲ" ಅನ್ನೋ ನಂಬಿಕೆ. ಆಗೋದು ಉಲ್ಟಾ. ಟವರ್ ಕಡೆ 3 ಲಕ್ಷ ವೋಲ್ಟ್, ರೂಮಿನ ಕಡೆ ಹೆಚ್ಚುಕಮ್ಮಿ ಸೊನ್ನೆ, ಎರಡಕ್ಕೂ ನಡುವೆ ಇರೋ ಒಂದೇ ಸೇತುವೆ ನಿಮ್ಮ ಲ್ಯಾನ್ ಕೇಬಲ್. ಅಷ್ಟೂ ವ್ಯತ್ಯಾಸ ಸ್ವಿಚ್ಚಿನ ಸಣ್ಣ ಪೋರ್ಟ್ ಮೂಲಕ ದಾಟುತ್ತೆ. ಹೈಟೆನ್ಷನ್ ತಂತಿ ಮೇಲೆ ಹಕ್ಕಿ ಕೂತರೂ ಯಾಕೆ ಸಾಯಲ್ಲ? ಎರಡು ಕಾಲೂ ಒಂದೇ ತಂತಿ ಮೇಲಿವೆ. ಬೇರೆ ತಂತಿಗೆ ರೆಕ್ಕೆ ತಗುಲಿದ್ರೆ ಮುಗೀತು. ಎರಡು ಗುಂಡಿ ಇದ್ದರೆ ಇರಲಿ, ಅವನ್ನ ನೆಲದೊಳಗೆ ಜಿಐ ಅಥವಾ ತಾಮ್ರದ ಪಟ್ಟಿಯಿಂದ ಜೋಡಿಸಿ. ಆಗ ವೋಲ್ಟೇಜ್ ಏರಿದ್ರೂ ಎಲ್ಲ ಒಟ್ಟಿಗೇ ಏರುತ್ತೆ. ಕರೆಂಟಿನ ಅರ್ಥ್ ಮುಟ್ಟೋ ಕೆಲಸವನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಸರ್ಜ್ ಪ್ರೊಟೆಕ್ಟರ್ ಬರೋದು ಇದಾದ ಮೇಲೆ. ಲ್ಯಾನ್ ಕೇಬಲ್‌ಗೆ ಮೇಲೆ ರೇಡಿಯೋ ಪಕ್ಕ ಒಂದು, ಕೆಳಗೆ ಕೇಬಲ್ ರೂಮಿಗೆ ನುಗ್ಗೋ ಜಾಗದಲ್ಲಿ ಇನ್ನೊಂದು. ಅದರ ಹಸಿರು ವೈರ್ ಗಾಳಿಯಲ್ಲಿ ನೇತಾಡ್ತಿದ್ರೆ ಅದು ಬರೀ ಡಬ್ಬಿ. ಕರೆಂಟ್ ಬೋರ್ಡಿಗೂ ಪ್ರತ್ಯೇಕ ಸರ್ಜ್ ಪ್ರೊಟೆಕ್ಟರ್ ಬೇಕು, ಯುಪಿಎಸ್ ಆ ಕೆಲಸ ಮಾಡಲ್ಲ.

ಅರ್ಥ್ ವೈರ್ ನೇರವಾಗಿ, ಗಿಡ್ಡವಾಗಿ ಇರಬೇಕು. ಮಿಕ್ಕಿದ್ದನ್ನ ಅಂದವಾಗಿ ಸುರುಳಿ ಸುತ್ತಿಡೋ ಅಭ್ಯಾಸ ಬಿಡಿ. ಸಿಡಿಲಿನ ಕರೆಂಟ್ ಮೈಕ್ರೋಸೆಕೆಂಡಿಗೆ 10,000 ಆಂಪಿಯರ್ ವೇಗದಲ್ಲಿ ಏರಿದ್ರೆ ಒಂದೊಂದು ಮೀಟರ್ ವೈರ್ ಮೇಲೂ ಸುಮಾರು 10,000 ವೋಲ್ಟ್ ನಿಲ್ಲುತ್ತೆ, ಸುರುಳಿ ಸುತ್ತಿದ್ರೆ ಇನ್ನೂ ಜಾಸ್ತಿ. ರೇಡಿಯೋನ ತುತ್ತತುದಿಗೆ ಕಟ್ಟಬೇಡಿ, ಅರೆಸ್ಟರ್ ಅದಕ್ಕಿಂತ ಎತ್ತರದಲ್ಲಿರಲಿ. ಟವರ್‌ಗೆ ಬಣ್ಣ ಬಳಿದಿದ್ರೆ ಜೋಡಣೆ ಜಾಗದಲ್ಲಿ ಕೆರೆದು ಬೋಲ್ಟ್ ಹಾಕಿ. ಬೇಸಿಗೆಯಲ್ಲಿ ಗುಂಡಿ ಒಣಗುತ್ತೆ, ಸಿಡಿಲು ಬರೋದೂ ಆ ಬೇಸಿಗೆಯ ಕೊನೆಯಲ್ಲೇ. ಮಾರ್ಚಿನಲ್ಲೇ ನೀರು ಹಾಕಿ, ಅರ್ಥ್ ಟೆಸ್ಟರ್‌ನಿಂದ ಅಳತೆ ಮಾಡಿಸಿ.

ಟವರ್‌ನಿಂದ ರೂಮಿಗೆ ಲ್ಯಾನ್ ಬದಲು ಫೈಬರ್ ಹಾಕಿದ್ರೆ ಅರ್ಧ ತಲೆನೋವು ಕಡಿಮೆ, ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಆದ್ರೆ ಎಷ್ಟೋ ಫೈಬರ್ ಕೇಬಲ್‌ಗಳ ಜೊತೆ ಸ್ಟೀಲ್ ತಂತಿ ಇರುತ್ತೆ, ಅದು ಹರಿಸುತ್ತೆ. ಲೋಹ ಇಲ್ಲದ ಕೇಬಲ್ ಕೇಳಿ ತಗೊಳ್ಳಿ. ಮೇಲಿರೋ ರೇಡಿಯೋಗೆ ಕರೆಂಟ್ ಕೊಡೋ ವೈರ್ ಹೇಗೂ ಇರುತ್ತೆ, ಅದಕ್ಕೆ ರಕ್ಷಣೆ ಬೇಕೇ ಬೇಕು.

ಇನ್ಶೂರೆನ್ಸ್ ಇದೆಯಲ್ಲ ಅನ್ನೋ ನೆಟ್‌ವರ್ಕ್ ಮಾಲೀಕರಿಗೆ ಒಂದು ಮಾತು. ನಮ್ಮ ದೇಶದ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಸಿಡಿಲು ಸೇರಿದೆ. ಆದ್ರೆ ಕೆಳಗೆ ಹೊರಗಿಡೋ ಷರತ್ತುಗಳನ್ನ ಓದಿ: ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜ್ ಥರದ ಕಾರಣಕ್ಕೆ ವಿದ್ಯುತ್ ಉಪಕರಣವೇ ಹಾಳಾದ್ರೆ ಪರಿಹಾರ ಇಲ್ಲ, ಅದಕ್ಕೆ ಕಾರಣ ಸಿಡಿಲೇ ಆಗಿದ್ರೂ. ರೇಡಿಯೋ, ಸ್ವಿಚ್ಚಿಗೆ ಎಲೆಕ್ಟ್ರಾನಿಕ್ ಎಕ್ವಿಪ್‌ಮೆಂಟ್ ಪಾಲಿಸಿ ಬೇರೆ ಇದೆ. ಅದರಲ್ಲಿ ಸಿಡಿಲು ಸೇರಿದೆಯಾ ಅಂತ ಏಜೆಂಟ್ ಹತ್ರ ಬರವಣಿಗೆಯಲ್ಲೇ ಕೇಳಿ.

ಮನೆಯಲ್ಲಿ ನೆಟ್ ಬಳಸೋರು ಮಾಡಬೇಕಾದ್ದು ಇಷ್ಟು. ಗುಡುಗು ಶುರುವಾದಾಗ ಅಮ್ಮ "ಪ್ಲಗ್ ಕೀಳೋ" ಅಂತಾರಲ್ಲ, ಅದು ಸರಿ, ಆದ್ರೆ ಸಾಲದು. ತಾರಸಿ ಡಿಶ್‌ನಿಂದ ಬರೋ ಲ್ಯಾನ್ ಕೇಬಲನ್ನೂ ಅಡಾಪ್ಟರ್‌ನಿಂದ ಕಿತ್ತು ದೂರ ಇಡಿ. ಅದೂ ಮೋಡ ಕಟ್ಟುವಾಗಲೇ, ತಲೆ ಮೇಲೆ ಗುಡುಗುವಾಗ ವೈರ್ ಮುಟ್ಟೋಕೆ ಹೋಗಬೇಡಿ. ಮೊದಲೇ ಗೊತ್ತಾಗೋಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ.

ನೆಟ್ ಹೋಯ್ತು ಅಂತ ಟೆಕ್ನಿಷಿಯನ್‌ಗೆ ಫೋನ್ ಮಾಡಿ "ಅಣ್ಣ, ಈಗಲೇ ಹತ್ತಿ ನೋಡಣ್ಣ" ಅಂತ ಒತ್ತಾಯ ಮಾಡಬೇಡಿ. 2022ರಲ್ಲಿ ದೇಶದಲ್ಲಿ ಸಿಡಿಲಿಗೆ 2,800ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಕೊನೇ ಗುಡುಗು ಕೇಳಿ 30 ನಿಮಿಷ ಆಗೋವರೆಗೆ ಟವರ್ ಹತ್ತಿರಕ್ಕೂ ಯಾರೂ ಹೋಗಬಾರದು.